ಮೀಟರ್ ಮೇಷ್ಟ್ರು

ನಿವೃತ್ತ ಗಣಿತ ಮೇಷ್ಟ್ರು. ಜುಬ್ಬಾದ ಜೇಬಿನಲ್ಲಿ ಹಳದಿ ಮಲ್ಟಿಮೀಟರ್. ಅದರ ಕೆಂಪು-ಕಪ್ಪು ವೈರುಗಳು ನಾಲ್ಕು ಜನಕ್ಕೆ ಕಾಣುವಂತೆ ಹೊರಗೆ ಇಳಿಬಿದ್ದಿರಬೇಕು. ಇಂಥವರೊಬ್ಬರಿಲ್ಲದ ಬಡಾವಣೆಯಿಲ್ಲ. ಸೋಲಾರ್ ಕೆಟ್ಟಿದೆ ಅಂತ ಇವರಿಗೆ ಯಾರೂ ಹೇಳಿಕಳಿಸಬೇಕಾಗಿಲ್ಲ. ರಾತ್ರಿ ಎಂಟಕ್ಕೇ ದೀಪ ಮಂಕಾದ ಮನೆಯ ಗೇಟು ಮರುದಿನ ಕಾಫಿ ಹೊತ್ತಿಗೆ ಸರಿಯಾಗಿ ಕಿರ್ರೆನ್ನುತ್ತದೆ.

"ಪಾವಗಡದ ಸೋಲಾರ್ ಪಾರ್ಕಲ್ಲಿ 2,050 ಮೆಗಾವಾಟ್ ಬರುತ್ತೆ. ನಿಮ್ಮನೇಲಿ 100 ವಾಟ್ ಬರೋಕೇನು ದಾಡಿ?"

ಇದು ಪೀಠಿಕೆ. ಉತ್ತರ ಕೊಡುವ ಸಾಹಸ ಬೇಡ, ಅದನ್ನೂ ಅವರೇ ಕೊಡುತ್ತಾರೆ. ಮೊದಲು ಸೂರ್ಯನ ವಿಚಾರಣೆ. ಪ್ಯಾನೆಲ್ಲಿಗೆ ಬೇಕಾದ್ದು ಬಿಸಿಲು, ಬಿಸಿಯಲ್ಲ. ಕಂಪನಿಯವರು 100 ಅಂತ ಬರೆಯುವುದು 25 ಡಿಗ್ರಿಯ ಲೆಕ್ಕದಲ್ಲಿ. ತಾರಸಿಯ ಮೇಲೆ ಅದು 60ಕ್ಕೆ ಕಾದರೆ ಹದಿನಾಲ್ಕು ವಾಟ್ ಗೋವಿಂದ. ಎಲ್ಲ ನಿಜವೇ. ಮೇಷ್ಟ್ರು ಸುಳ್ಳು ಹೇಳುವವರಲ್ಲ, ಸರದಿ ತಪ್ಪಿಸುವವರೂ ಅಲ್ಲ. ಆ ಸರದಿಯಲ್ಲಿ ಪ್ಯಾನೆಲ್ ಕಡೆಯದು ಎನ್ನುವುದೇ ತೊಂದರೆ.

ಒಂದು ಮನೆಯಲ್ಲೂ ಹೀಗೇ ಆಯಿತು. ಸೂರ್ಯನಾದ ಮೇಲೆ ಬ್ಯಾಟರಿ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆಸಿ, ಡಿಸ್ಟಿಲ್ಡ್ ವಾಟರ್ ತರಿಸಿ ಹಾಕಿಸಿದರು. ಆಮೇಲೆ ವೈರು. ತಾರಸಿಯಿಂದ ನಡುಮನೆಗೆ ಹದಿನೈದು ಮೀಟರ್ ಎಳೆದದ್ದು ಒಂದು ಚದರ ಮಿಲಿಮೀಟರಿನ ಬಡಕಲು ವೈರು. "ಐದು ಆಂಪಿಯರ್ ಹರಿದ್ರೆ ಎರಡೂವರೆ ವೋಲ್ಟ್ ದಾರೀಲೇ ಖಲಾಸ್!" ಎಂದು ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿ ತೋರಿಸಿದರು. ಆ ಗೋಡೆಗೆ ಹೊಸದಾಗಿ ಬಣ್ಣ ಹೊಡೆಸಿತ್ತು.

ಮನೆಯ ಹುಡುಗ ಮೆಲ್ಲಗೆ, "ಪ್ಯಾನೆಲ್ ಬಿಚ್ಚಿ ನೋಡ್ದೆ ಸಾರ್, 21 ವೋಲ್ಟ್ ತೋರಿಸ್ತು" ಎಂದ. ಮೇಷ್ಟ್ರ ಮುಖದಲ್ಲಿ ಕನಿಕರ. "ವೋಲ್ಟ್ ಅಂದ್ರೆ ಜಾತಕ ಕಣಯ್ಯಾ, ಆಂಪಿಯರ್ ಅಂದ್ರೆ ಸಂಸಾರ. ಲೋಡ್ ಹಾಕ್ದಾಗ ಎಷ್ಟು ಹರಿಯುತ್ತೆ ಹೇಳು."

ಹರಿಯುತ್ತಿದ್ದದ್ದು ಒಂದು ಆಂಪಿಯರ್.

ಊಟದ ಹೊತ್ತಿಗೆ ಏಣಿ ಬಂತು. ಪ್ಯಾನೆಲ್ ಇದ್ದದ್ದು ಮೆಟ್ಟಿಲುಕೋಣೆಯ ನೆತ್ತಿಯ ಮೇಲೆ. ಹತ್ತಿದ ಮೇಷ್ಟ್ರಿಗೆ ಮೊದಲ ಸಲ ಮಾತು ನಿಂತಿತು. ಗಾಜಿನ ಕೆಳಗಿನ ಸಾಲಿನುದ್ದಕ್ಕೂ ದುಂಡಗೆ ಉದ್ದಿನ ಹಪ್ಪಳ.

"ಅಲ್ಲಾದ್ರೆ ಧೂಳಿಲ್ಲ, ಬೇಗ ಗರಿಗರಿ ಒಣಗುತ್ತೆ ಅಂತ ಹುಡುಗನ ಕೈಲಿ ಇಡಿಸ್ದೆ" ಎಂದರು ಕೆಳಗಿನಿಂದ ಅಜ್ಜಿ. "ಮುಕ್ಕಾಲು ಪಾಲು ಖಾಲೀನೇ ಬಿಟ್ಟಿದೀನಲ್ಲ!"

36 ಸೆಲ್ಲುಗಳು ಒಂದರ ಹಿಂದೊಂದು ಸಾಲುಗಟ್ಟಿವೆ, ನಾಲ್ಕಕ್ಕೆ ನೆರಳಾದರೆ ಉಳಿದವೂ ಕೈಕಟ್ಟಿ ಕೂರುತ್ತವೆ ಎಂದು ಏಣಿಯ ತುದಿಯಿಂದಲೇ ಪಾಠವಾಯಿತು. ಅಜ್ಜಿ ಕೇಳಿದ್ದು, ಹಪ್ಪಳ ತಿರುವಿ ಹಾಕಿದಿರಾ ಎಂದು.

ಹಪ್ಪಳ ಇಳಿಯಿತು, ಪಾರಿವಾಳದ ಪ್ರಸಾದವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಯಿತು. ಮೀಟರಿನಲ್ಲಿ ಐದು ಆಂಪಿಯರ್! ಮನೆಯವರು ಕೈಮುಗಿದರು. ಮೇಷ್ಟ್ರಿಗೆ ಮಾತ್ರ ಸಮಾಧಾನವಿಲ್ಲ. "ಐದನ್ನ ಬ್ಯಾಟರಿಯ 13 ವೋಲ್ಟಿಗೆ ಗುಣಿಸಿ. 65 ವಾಟೇ ಆಯ್ತು! ನಿಮ್ಮದು ಪಿಡಬ್ಲ್ಯೂಎಂ ಕಂಟ್ರೋಲರು, ಮಿಕ್ಕಿದ್ದನ್ನ ಬಿಟ್ಟುಕೊಡುತ್ತೆ. ಅದನ್ನೂ ಹಿಡಿಯೋ ಎಂಪಿಪಿಟಿ ಕಂಟ್ರೋಲರು ಹಾಕ್ಬೇಕು. ನಾಳೆ ಬೆಳಿಗ್ಗೆ ಬರ್ತೀನಿ."

ಸಂಜೆಯೇ ಆ ಮನೆಯವರು ಏಣಿಯನ್ನು ಸ್ಟೋರ್ ರೂಮಿಗೆ ಸೇರಿಸಿ ಬೀಗ ಜಡಿದರು. ಮೇಷ್ಟ್ರು ಮರುದಿನ ತಮ್ಮದೇ ಏಣಿ ಹೊತ್ತು ಬಂದರು.