ಸಾವ್ಕಾರರ ಲೋಕಲ್ ಮೇಲ್

ನಮ್ಮ ರಟ್ಟೀಹಳ್ಳಿಯಲ್ಲಿ ಟಪಾಲು ದಾರಿ ತಪ್ಪುವುದಿಲ್ಲ. 1997ರಲ್ಲಿ ಧಾರವಾಡ ಒಡೆದು ಹಾವೇರಿ ಜಿಲ್ಲೆಯಾಯಿತು. ಆಮೇಲೆ ಹಿರೇಕೆರೂರಿನಿಂದ ಬೇರೆಯಾಗಿ ನಾವೇ ತಾಲೂಕಾದೆವು. ಆದರೂ 'ತಾ. ಹಿರೇಕೆರೂರ, ಜಿ. ಧಾರವಾಡ' ಎಂದು ಬರೆದ ಲಗ್ನಪತ್ರಿಕೆ ಅಕ್ಷತೆ ಬೀಳುವ ಮೊದಲೇ ಬಂದು ಮುಟ್ಟುತ್ತದೆ. ಪೋಸ್ಟ್‌ಮನ್ನನಿಗೆ ಹೆಸರು ಕಂಡರೆ ಸಾಕು, ಮನೆ ಗೊತ್ತು. ಇ-ಮೇಲಿಗೆ ಇಂಥ ದಾಕ್ಷಿಣ್ಯವಿಲ್ಲ.

ಬೀಜದ ವ್ಯಾಪಾರದ ಸಾವ್ಕಾರರೊಬ್ಬರ ಕಚೇರಿಗೆ ಮೇಲ್ ಸರ್ವರ್ ಕೂಡಿಸುವ ಕೆಲಸ ನನಗೆ ಬಂತು. ಮೊದಲು ಬಂದಿದ್ದ ಕಂಪ್ಯೂಟರಿನವರು ಒಳಗಿನ ನೆಟ್‌ವರ್ಕಿಗೆ ಅಂಗಡಿ ಹೆಸರಿನ ಮುಂದೆ 'ಡಾಟ್ ಲೋಕಲ್' ಅಂತ ನಾಮಕರಣ ಮಾಡಿ ಪೇಢೆ ತಿಂದು ಹೋಗಿದ್ದರು. ಹೊರಗಿನ ವ್ಯವಹಾರಕ್ಕೆ ಸಾವ್ಕಾರರು ರೊಕ್ಕ ಕೊಟ್ಟು ಕೊಂಡದ್ದು 'ಡಾಟ್ ಇನ್'. ದಿವಾನಜಿ ಗೋದಾಮಿಗೆ ಕಳಿಸಿದ ಮೇಲ್ ಕ್ಷಣದಲ್ಲಿ ಮುಟ್ಟುತ್ತಿತ್ತು. ಹೈದರಾಬಾದಿಗೆ ಕಳಿಸಿದ್ದು ಹೋದಷ್ಟೇ ವೇಗದಲ್ಲಿ ವಾಪಸು.

ಒಂದು ಸರ್ವರ್ ಇನ್ನೊಂದರ ಬಾಗಿಲಿಗೆ ಹೋದರೆ ಮೊದಲು 'ಹೆಲೋ' ಎಂದು ತನ್ನ ಹೆಸರು ಹೇಳಬೇಕು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಶಿಷ್ಟಾಚಾರ. ಅದರಲ್ಲಿ ಆಜ್ಞೆಗಳೆಲ್ಲ ನಾಲ್ಕೇ ಅಕ್ಷರದವು. ಹಾಗಾಗಿ ಹೆಲೋದಲ್ಲೂ ಒಂದು 'ಎಲ್' ಉಳಿಸಿದ್ದಾರೆ. ಸಾವ್ಕಾರರಿಗೆ ಇಡೀ ವಿದ್ಯೆಯಲ್ಲಿ ಹಿಡಿಸಿದ್ದು ಇದೊಂದೇ.

ನಮ್ಮ ಸರ್ವರ್ ತನ್ನ ಲೋಕಲ್ ಹೆಸರು ಹೇಳಿತು. ಅತ್ತಲಿನದು ಇಂಟರ್ನೆಟ್ಟಿನ ಹೆಸರುಗಳ ದಫ್ತರವಾದ ಡಿಎನ್‌ಎಸ್‌ನಲ್ಲಿ ಹುಡುಕಿ, ಅಂಥವರು ಯಾರೂ ಇಲ್ಲವೆಂದು ಬಾಗಿಲು ಹಾಕಿತು. ಇರುವುದಾದರೂ ಹೇಗೆ? ಒಂದೇ ನೆಟ್‌ವರ್ಕಿನ ಪ್ರಿಂಟರು, ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಕೂಗಿ ಕರೆದುಕೊಳ್ಳಲೆಂದು 'ಡಾಟ್ ಲೋಕಲ್' ಅನ್ನು 2013ರಲ್ಲಿ ಮೀಸಲಿಟ್ಟುಬಿಟ್ಟಿದ್ದಾರೆ. ಹೊರಗೆ ಅದನ್ನು ಯಾರಿಗೂ ಮಾರುವುದಿಲ್ಲ. ಯಾವುದೋ ಉದಾರಿ ಸರ್ವರ್ ಮೇಲ್ ತೆಗೆದುಕೊಂಡರೂ, ಉತ್ತರ ಹೋಗಲು ಊರೇ ಇಲ್ಲ.

ಸಾವ್ಕಾರರಿಗೆ ಇದು ಮರ್ಯಾದೆಯ ಪ್ರಶ್ನೆ. "ಏನ್ರೀ, ನನ್ನ ಹೆಸರು ಹೇಳಿದ್ರ ರಾಣೇಬೆನ್ನೂರ ತನಕಾ ಕುರ್ಚಿ ಹಾಕ್ತಾರ. ಇಂವ ಯಾರ್ರೀ, ಗುರ್ತ ಇಲ್ಲ ಅನ್ನಾಂವ?"

"ಒಳಗಿನ ಹೆಸರು ಹಂಗ ಇರ್ಲಿರೀ ಸಾವ್ಕಾರ್ರ. ಹೊಸ್ತಿಲ ದಾಟೂಮುಂದ ಬದಲು ಮಾಡೂಣು."

ಪೋಸ್ಟ್‌ಫಿಕ್ಸ್ ತಂತ್ರಾಂಶದಲ್ಲಿ ಇದಕ್ಕೆಂದೇ 'ಜೆನೆರಿಕ್ ಮ್ಯಾಪ್' ಎಂಬ ಪಟ್ಟಿಯಿದೆ: ಎಡಕ್ಕೆ ಲೋಕಲ್ ವಿಳಾಸ, ಬಲಕ್ಕೆ ಡಾಟ್ ಇನ್ ವಿಳಾಸ. ಹೊರಗೆ ಹೊರಟ ಮೇಲ್‌ಗಷ್ಟೇ ಹೆಸರು ಬದಲಾಗುತ್ತದೆ. ಒಳಗೆ ಓಡಾಡುವುದರ ಗೊಡವೆಗೆ ಅದು ಹೋಗುವುದಿಲ್ಲ. ಹೆಲೋ ಹೇಳುವಾಗಲೂ ಡಾಟ್ ಇನ್ ಹೆಸರನ್ನೇ ಹೇಳಲು ಕಲಿಸಿದೆ. ಉತ್ತರ ಮರಳಿ ಬರಲು ಎಂಎಕ್ಸ್ ದಾಖಲೆ, ನಮ್ಮ ಹೆಸರಲ್ಲಿ ಮೇಲ್ ಕಳಿಸುವ ಹಕ್ಕು ಯಾವ ಸರ್ವರಿಗಿದೆ ಎಂದು ಸಾರಲು ಎಸ್‌ಪಿಎಫ್ ದಾಖಲೆ ಬರೆಸಿದೆ. ಐಪಿ ಹಿಡಿದು ಹುಡುಕಿದರೂ ಅದೇ ಹೆಸರು ಬರುವಂತೆ ಮಾಡಿಸಲು ಇಂಟರ್ನೆಟ್ಟಿನವರ ಬೆನ್ನು ಬಿದ್ದೆ.

ಹೈದರಾಬಾದಿನಿಂದ ಉತ್ತರ ಬಂತು. ಸಾವ್ಕಾರರು ಚಹಾ ತರಿಸಿ ಕೇಳಿದರು: "ಅಲ್ರೀ, ಹಂಗಾದ್ರ ಆ ಲೋಕಲ್ ಹೆಸರು ಎಲ್ಲಿ ನಡೀತೈತಿ?"

"ಈ ಕಟ್ಟಡದಾಗ ಅಷ್ಟರೀ."

ಅಷ್ಟರಲ್ಲಿ ದಿವಾನಜಿ ಗೋದಾಮಿಗೊಂದು ಮೇಲ್ ಕಳಿಸಿ, ಕಿಟಕಿಯಲ್ಲಿ ತಲೆ ಹಾಕಿ ಕೂಗಿದರು: "ಮೇಲ್ ಕಳ್ಸೇನಿ, ನೋಡೋ ತಮ್ಮಾ!"

"ಏನ್ ಬರದೀರ್ರೀ ಅದರಾಗ?" ಗೋದಾಮಿನಿಂದ ಕೂಗು ಬಂತು.

ದಿವಾನಜಿ ಅದನ್ನೂ ಕೂಗಿಯೇ ಹೇಳಿದರು.