ಬಿಚ್ಚೋ ಕೂಲಿ ಬ್ಯಾರೆ

ರಸ್ತೆ ಬಿಟ್ಟು ಕೆಳಗಿಳಿಯಲು ಒಂದು ವಿಶೇಷ ಗಾಡಿ ಬೇಕು ಎಂದು ಮೊದಲು ಹೇಳಿದವರು ಖಂಡಿತ ಬೀದರ ಜಿಲ್ಲೆಯವರಲ್ಲ. ನಮ್ಮಲ್ಲಿ ಎಷ್ಟೋ ಕಡೆ ರಸ್ತೆಯೇ ಗಾಡಿಯನ್ನು ಬಿಟ್ಟು ಹೋಗುತ್ತದೆ. ಔರಾದ ಕಡೆಯ ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ ಕಾಲಿಟ್ಟು ನೋಡಿ, ಚಪ್ಪಲಿ ಅಲ್ಲೇ ಉಳಿದು ನೀವು ಮಾತ್ರ ಮುಂದೆ ಹೋಗಿರುತ್ತೀರಿ. ಅಂಥ ಹೊಲದಿಂದ ಸೋಯಾ ಮೂಟೆ ಹೊರಗೆ ತರುವುದು ಟ್ರ್ಯಾಕ್ಟರು. ಊರಿಂದ ಊರಿಗೆ ಜನರನ್ನು ಹೇರಿಕೊಂಡು ಬಂದದ್ದು ಅಂದಿನ ಕಮಾಂಡರ್, ಟ್ರ್ಯಾಕ್ಸ್, ಇಂದಿನ ಕ್ರೂಸರ್. ಒಳಗೆ ಹತ್ತು ಜನ, ಹಿಂದೆ ಜೋತುಬಿದ್ದವರು ನಾಲ್ಕು ಜನ, ಮೇಲೆ ಎರಡು ಆಡು. ಆ ಡ್ರೈವರುಗಳು ತಾವು ಮಾಡುತ್ತಿರುವುದು ಆಫ್‌ರೋಡಿಂಗ್ ಎಂದು ಒಂದು ದಿನವೂ ಹೇಳಿಕೊಳ್ಳಲಿಲ್ಲ. ಭಾಲ್ಕಿ ಭಾಲ್ಕಿ ಭಾಲ್ಕಿ ಎಂದು ಕೂಗಿದರು, ಅಷ್ಟೆ.

ಈಗ ಹೇಳಿಕೊಳ್ಳುವವರ ಕಾಲ. ಬೀದರ ತಾಲೂಕಿನ ಮನ್ನಳ್ಳಿಯಲ್ಲಿ ಒಬ್ಬ ಸಣ್ಣ ಸಾವ್ಕಾರ ಇದ್ದಾನೆ. ದೊಡ್ಡ ಸಾವ್ಕಾರ ಅವನ ಅಪ್ಪ. ಕಬ್ಬಿನ ಬಾಕಿ ಬಿಲ್ಲು ಕೈಗೆ ಬಂದದ್ದೇ ತಡ, ಮಗ ಮೂರು ಜಿಲ್ಲೆ ದಾಟಿ ಹೋಗಿ ಒಂದು ಹಳೆಯ ಜೀಪು ತಂದ. 'ಫುಲ್ ಮಾಡಿಫೈಡ್' ಎಂಬುದು ಅದರ ಅಡ್ಡಹೆಸರು. ಅಪ್ಪ ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ಎತ್ತು ಹಿಡಿಯುವಾಗ ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ, ಗೊರಸು ಎತ್ತಿಸುತ್ತಿದ್ದ, ನಾಲ್ಕು ಹೆಜ್ಜೆ ನಡೆಸಿ ಹಿಂದಿನಿಂದ ನಿಂತು ಕಣ್ಣು ಕಿರಿದು ಮಾಡುತ್ತಿದ್ದ. ಎತ್ತಿನ ಕೋಡಿಗೆ ಬಳಿದ ಬಣ್ಣಕ್ಕೆ ಅವನು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಟ್ಟವನಲ್ಲ. ಮಗ ಬಾನೆಟ್ಟನ್ನೇ ತೆರೆಸಲಿಲ್ಲ. ಗಾಡಿಗೆ ಎರಡು ಲಕ್ಷ, ಮೇಲಿನ ಸಾಮಾನಿಗೆ ಎರಡೂವರೆ ಎಂದು ಮಾರುವವನು ಲೆಕ್ಕ ಬಿಡಿಸಿ ಹೇಳಿದಾಗ, ಕೋಡಿಗೆ ಎತ್ತಿಗಿಂತ ಬೆಲೆ ಜಾಸ್ತಿಯಾಯಿತಲ್ಲ ಎಂದು ಅನ್ನಿಸಲೂ ಇಲ್ಲ.

ಸಾಮಾನು ನೋಡಲು ಮಾತ್ರ ಎರಡು ಕಣ್ಣು ಸಾಲದು. ಎದುರಿಗೆ ಎಮ್ಮೆ ಬಂದರೂ ಕ್ಷಮೆ ಕೇಳುವಂಥ ಕಬ್ಬಿಣದ ಬಂಪರು, ಅದರ ಹಿಂದೆ ನಂಬರ್ ಪ್ಲೇಟು ಭೂಗತ. ನೆತ್ತಿಯ ಮೇಲೆ ದೀಪಗಳ ಪಟ್ಟಿ. ಕಿವಿಯ ಪಕ್ಕದಲ್ಲಿ ಎದ್ದುನಿಂತ ಸ್ನಾರ್ಕೆಲ್ ಎಂಬ ಕೊಳವೆ. ತೊರೆ ದಾಟುವಾಗ ಎಂಜಿನ್ ಮೇಲಿನಿಂದ ಉಸಿರಾಡಲಿ ಎಂದು ಇರುವಂಥದ್ದು. ಫೋರ್ ಬೈ ಫೋರ್ ಎಂಬ ಸ್ಟಿಕ್ಕರು ಮೂರು ಕಡೆ. ಹುಲಿಯ ಕಣ್ಣು, ಚೇಳಿನ ಬಾಲ, ಒಂದು ಬಿಳಿ ನಕ್ಷತ್ರ, 'ಯುಎಸ್ ಆರ್ಮಿ' ಎಂಬ ಬರಹ, ಅದರ ಕೆಳಗೆ ಯಾವುದೋ ತಾಯಿಯ ಆಶೀರ್ವಾದ.

ಊರಿಗೆ ಬಂದ ಮೇಲೆ ಜೀಪು ನಾಲ್ಕು ಮದುವೆಯ ಬರಾತಿನಲ್ಲಿ ನಡೆದಾಡುವವರ ವೇಗದಲ್ಲಿ ಹೋಗಿ ಹೆಸರು ಮಾಡಿತು. ಐದನೆಯ ಸಲ ಬೀದರಿಗೆ ಹೋಗುವಾಗ ಐವತ್ತರ ವೇಗ ದಾಟಿದ್ದೇ ಸ್ಟಿಯರಿಂಗು ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸತೊಡಗಿ, ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ನುಗ್ಗಿತು. ಅದು ಮಾಡಿದ ಒಂದೇ ಒಂದು ಅಸಲಿ ಆಫ್‌ರೋಡಿಂಗ್ ಅದು. ಟ್ರ್ಯಾಕ್ಟರು ಬಂದು ಎಳೆದು ರಸ್ತೆಗೆ ಹಾಕಿತು. ಬಂಪರಿನ ಮೇಲಿದ್ದ ವಿಂಚಿನ ಕೊಕ್ಕೆಗೆ ಹಗ್ಗ ಕಟ್ಟಲು ಹೋದರೆ ಕೊಕ್ಕೆ ಕೈಗೇ ಬಂತು.

ಬೀದರಿನ ಮಿಸ್ತ್ರಿ ಚಾಚಾ ಜೀಪಿನ ಕೆಳಗೆ ತೂರಿ ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಬಂದು ಕೈ ಒರೆಸಿಕೊಂಡು, "ಇದು ಗಾಡಿ ಅಲ್ಲ ಸಾವ್ಕಾರ್, ಪಂಚಾಯ್ತಿ ಅದ. ಒಂದೊಂದ್ ಪಾರ್ಟ್ ಒಬ್ಬೊಬ್ರ ಮಾತ್ ಕೇಳ್ಲತ್ತದ" ಎಂದ.

ಒಂದೇ ವಸ್ತುವಿನ ಮೇಲೆ ಹಲವರ ಕೈ ಆಡುವುದು ಬೀದರಿನವರಿಗೆ ಹೊಸದಾಗಬಾರದಿತ್ತು. ನಮ್ಮ ಕೋಟೆಯನ್ನು ಬಹಮನಿಗಳು ಕಟ್ಟಿದರು, ಬರೀದಶಾಹಿಗಳು ತಿದ್ದಿದರು, ಬಿಜಾಪುರದವರು ಬಂದರು, ಮೊಗಲರು ಬಂದರು, ನಿಜಾಮರು ಬಂದರು. ಬಂದವರೆಲ್ಲ ತಮ್ಮದೊಂದು ಗುರುತು ಹಚ್ಚಿ ಹೋದರು. ಮಹಮೂದ್ ಗವಾನ 1472ರಲ್ಲಿ ಕಟ್ಟಿಸಿದ ಮದರಸಾಕ್ಕೆ ಮೊಗಲರ ಕಾಲದಲ್ಲಿ ಯಾರಿಗೋ ಇದೇ ಮಾಡಿಫಿಕೇಶನ್ ಬುದ್ಧಿ ಹೊಳೆದು, ಓದುವ ಮನೆಯಲ್ಲಿ ಮದ್ದಿನ ಪುಡಿ ತುಂಬಿದರು. 17ನೇ ಶತಮಾನದ ಕೊನೆಗೆ ಅದು ಸಿಡಿದು ಒಂದು ಮಿನಾರು, ಮುಂಭಾಗದ ಅರ್ಧ ಹಾರಿಹೋಯಿತು. ಉಳಿದರ್ಧವನ್ನು ನಾವು ಈಗ ಹೋಗಿ ನೋಡುತ್ತೇವೆ.

ಜೀಪಿನ ರಾಜವಂಶಾವಳಿಯೂ ಹೀಗೇ ಇತ್ತು. ಆರ್‌ಸಿ ಪುಸ್ತಕದ ಪ್ರಕಾರ ಅದು ಮಹೀಂದ್ರಾ ಎಂಎಂ 540, ಬಣ್ಣ ಬಿಳಿ, ಮೊದಲ ಯಜಮಾನ ಸರಕಾರದ ಒಂದು ಇಲಾಖೆ. ಪ್ಯೂಜೋ ಮೂಲದ 2,112 ಸಿ.ಸಿ. ಡೀಸೆಲ್ ಎಂಜಿನ್ ಹೊತ್ತು 1980ರ ದಶಕದಲ್ಲಿ ಬಂದ ತಳಿ. ಇಲಾಖೆ ಅದಕ್ಕೆ ಮಾಡಿದ ಒಂದೇ ಮಾಡಿಫಿಕೇಶನ್ ಎಂದರೆ ಆಯಿಲ್ ಬದಲಿಸದೆ ಇದ್ದದ್ದು. ಹರಾಜಿನಲ್ಲಿ ಹಿಡಿದ ಗುತ್ತೇದಾರ ಬಂಪರು ಹಚ್ಚಿದ. ಅವನಿಂದ ಕೊಂಡ ಯುವನಾಯಕ ದೀಪ ಹಚ್ಚಿದ. ಬಾನೆಟ್ಟಿನ ಮೇಲೆ ತಲವಾರಿನಿಂದ ಕೇಕು ಕತ್ತರಿಸಿದ ಗೀರು ಈಗಲೂ ಇದೆ, ಹುಟ್ಟುಹಬ್ಬದ ಶಾಸನ. ಮೂರನೆಯವನು ಬರಾತಿಗೆ ಬಾಡಿಗೆ ಬಿಡುತ್ತಿದ್ದ, ಎತ್ತರ ಮಾಡಿಸಿದ. ಒಬ್ಬನೂ ಹಿಂದಿನವನ ಕೆಲಸ ಬಿಚ್ಚಲಿಲ್ಲ.

ಚಾಚಾನಿಗೆ ಒಂದೇ ಸಮಾಧಾನ, ಚಾಸಿ ಅಖಂಡವಾಗಿತ್ತು. ಉದ್ದನೆಯ ಕಮಾಂಡರ್ ಜೀಪನ್ನು ನಡುವೆ ಕತ್ತರಿಸಿ, ಕೂಡಿಸಿ, ಪಂಜಾಬು ಹರಿಯಾಣದ ಗಡಿಯ ಮಂಡಿ ಡಬ್ವಾಲಿಯಲ್ಲಿ ಸಿಗುವಂಥ ಹೊಸ ಟಿನ್ನಿನ ಮೈ ತೊಡಿಸಿ 'ಮಿಲಿಟರಿ ವಿಲ್ಲಿಸ್' ಎಂದು ಮಾರುವವರಿದ್ದಾರೆ. ನಮ್ಮ ಜೀಪಿಗೆ ಮೂಗು ಮಾತ್ರ ಬದಲಾಗಿತ್ತು: ಯುದ್ಧಕಾಲದ ವಿಲ್ಲಿಸಿಗಿದ್ದ ಹಾಗೆ ಗ್ರಿಲ್ಲಿನಲ್ಲಿ ಒಂಬತ್ತು ಸೀಳು. ಈ ಮೋರೆಯ ಹಕ್ಕು ಯಾರದು ಎಂದು ಜೀಪ್ ಕಂಪನಿಯವರು ಅಮೆರಿಕದಲ್ಲಿ ಮಹೀಂದ್ರಾದ ರಾಕ್ಸರ್ ಗಾಡಿಯ ಮೇಲೆ ವ್ಯಾಜ್ಯ ಹೂಡಿ, 2020ರಲ್ಲಿ ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗದಿಂದ ಅದರ ಮಾರಾಟಕ್ಕೇ ತಡೆ ತಂದರು. ನಮ್ಮಲ್ಲಿ ಅಷ್ಟು ರಗಳೆ ಇಲ್ಲ. ಏಳು ಸೀಳು ಬೇಕೋ ಒಂಬತ್ತು ಬೇಕೋ ಎಂದು ಕೇಳಿ, ಚಹಾ ಬರುವಷ್ಟರಲ್ಲಿ ಕೊರೆದು ಕೊಡುತ್ತಾರೆ.

ಆ ಅಸಲಿ ವಿಲ್ಲಿಸಿನ ಕತೆ ಕೇಳಿ. ವಿಲ್ಲಿಸ್, ಫೋರ್ಡ್ ಕಂಪನಿಗಳೆರಡೂ ಸೇರಿ ಎರಡನೆಯ ಮಹಾಯುದ್ಧಕ್ಕೆ ಆರು ಲಕ್ಷಕ್ಕೂ ಮೀರಿ ಜೀಪು ಮಾಡಿದವು. 60 ಅಶ್ವಶಕ್ತಿ, ಸಣಕಲು ಟಯರು. ಆಫ್ರಿಕಾದ ಮರಳನ್ನೂ ಬರ್ಮಾದ ಕೆಸರನ್ನೂ ತುಳಿದು ಬಂದವು. ಅದರ ಹೆಡ್‌ಲೈಟು ಗ್ರಿಲ್ಲಿನ ಹಿಂದೆ ಒಳಸರಿದು ಕೂತಿರುತ್ತಿತ್ತು, ರಾತ್ರಿ ಶತ್ರುವಿನ ಕಣ್ಣಿಗೆ ಬೀಳದಿರಲು ಬೇರೆ ಮಿಣುಕು ದೀಪ. ಯುದ್ಧಕ್ಕೆ ಹೋದ ಜೀಪಿಗೆ ಯಾರಾದರೂ ನೋಡಿಬಿಟ್ಟಾರು ಎಂಬ ಭಯ. ಬರಾತಿಗೆ ಹೋಗುವ ಜೀಪಿಗೆ ಯಾರಾದರೂ ನೋಡದೆ ಹೋದಾರು ಎಂಬ ಭಯ.

ಹಾಗೆಂದು ಜೀಪಿಗೂ ನಮಗೂ ನೆಂಟಸ್ತಿಕೆ ಇಲ್ಲವೆಂದಲ್ಲ. 1945ರಲ್ಲಿ ಮಹೀಂದ್ರಾ ಕಂಪನಿ ಹುಟ್ಟಿದಾಗ ಅದರ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ಆ ಮೊಹಮ್ಮದ್ ಎಂದರೆ ಗುಲಾಂ ಮೊಹಮ್ಮದ್, ಬೀದರ ನಿಜಾಮನ ಸೀಮೆಯಾಗಿದ್ದಾಗ ಹೈದರಾಬಾದ್ ಸರಕಾರದ ಹಣಕಾಸು ನೋಡಿಕೊಂಡಿದ್ದವನು. ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಗವರ್ನರ್ ಜನರಲ್ಲೇ ಆದ. ಇವತ್ತಿಗೂ ಬೀದರಿನಿಂದ ಗಡಿ ದಾಟಿದರೆ ಜಹೀರಾಬಾದಿನಲ್ಲಿ ಮಹೀಂದ್ರಾದ ಟ್ರ್ಯಾಕ್ಟರು ಕಾರ್ಖಾನೆ ಇದೆ. ಅಲ್ಲಿ ಎಂಜಿನಿಯರುಗಳು ಒಂದು ಬೋಲ್ಟಿನ ಕೋನಕ್ಕಾಗಿ ತಲೆ ಕೆರೆದುಕೊಳ್ಳುತ್ತಾರೆ. ಗಡಿಯ ಈ ಕಡೆ ವೆಲ್ಡಿಂಗ್ ಅಂಗಡಿಯವನು ಅದನ್ನು ಕಣ್ಣಳತೆಯಲ್ಲಿ ಸರಿಪಡಿಸಿ ಕಳಿಸುತ್ತಾನೆ.

ಕಣ್ಣಳತೆಯ ಫಲ ಏನೆಂದು ಚಾಚಾ ಒಂದೊಂದಾಗಿ ತೋರಿಸಿದ. ಎತ್ತರ ಮಾಡಲು ಪಾಟಾ ಎಂಬ ಪಟ್ಟಿ ಸ್ಪ್ರಿಂಗನ್ನು ಹಿಡಿದಿರುವ ಶಾಕಲ್ಲನ್ನು ಉದ್ದ ಮಾಡಿದ್ದರು. ಜೀಪಿನ ಮೈ ಮೇಲೆ ಹೋಯಿತು, ಚಕ್ರದ ಅಚ್ಚಿನ ಹೌಸಿಂಗು ಕೆಳಗೇ ಉಳಿಯಿತು. ನಡುವಿನ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ಅದರ ಕ್ರಾಸು ಎಂಬ ಕೀಲು ತಿರುಗಿದ ಹಾಗೆಲ್ಲ ಸವೆದು ಕಟಕಟ ಎನ್ನತೊಡಗಿತು. ಸ್ಟಿಯರಿಂಗಿನ ಡ್ರ್ಯಾಗ್ ಲಿಂಕು ಇಳಿಜಾರಾದ್ದರಿಂದ ಗುಂಡಿಗೆ ಬಿದ್ದಾಗಲೆಲ್ಲ ಚಕ್ರ ತಾನೇ ತಿರುಗುತ್ತಿತ್ತು. ಮುಂದಿನ ಚಕ್ರದ ವಾಲು ತಪ್ಪಿದ್ದರಿಂದ ತಿರುಗಿದ ಸ್ಟಿಯರಿಂಗು ನೇರಕ್ಕೆ ಮರಳುತ್ತಿರಲಿಲ್ಲ. ಬ್ರೇಕಿನ ರಬ್ಬರ್ ಪೈಪು ಮಾತ್ರ ಮೊದಲಿನಷ್ಟೇ ಉದ್ದ. ಚಕ್ರ ಪೂರ್ತಿ ಜೋತುಬಿದ್ದಿದ್ದರೆ ಹರಿದೇ ಹೋಗುತ್ತಿತ್ತು. ನೋಡುವವರಿಗೆ ಎತ್ತರ ಕಾಣುತ್ತದೆ, ಕೋನ ಕಾಣುವುದಿಲ್ಲ. ಕಾಣದ್ದಕ್ಕೆ ಯಾರು ರೊಕ್ಕ ಹಾಕುತ್ತಾರೆ?

ಟಯರಿನ ಮಾಯೆ ಇನ್ನೂ ಸೊಗಸು. ಕಂಪನಿಯ ಟಯರು ಸುಮಾರು 28 ಇಂಚು ಎತ್ತರ. ಇವರು 31 ಹಾಕಿದ್ದರು, ಉಜ್ಜುತ್ತದೆಂದು ಮಡ್‌ಗಾರ್ಡನ್ನು ಗ್ರೈಂಡರಿನಲ್ಲಿ ಕೊಯ್ದಿದ್ದರು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರು ಮಾತ್ರ ಹಳೆಯ ಸುತ್ತನ್ನೇ ಎಣಿಸುತ್ತದೆ. ಹತ್ತು ಕಿಲೋಮೀಟರು ಓಡಿದರೆ ಒಂಬತ್ತು ಎಂದು ಬರೆದುಕೊಳ್ಳುತ್ತದೆ. ಅರವತ್ತಾರರ ವೇಗವನ್ನು ಅರವತ್ತು ಎನ್ನುತ್ತದೆ. ಹಳೆಯ ಗಾಡಿ ಮಾರುವವರಿಗೆ ಇಷ್ಟು ಪ್ರಾಮಾಣಿಕವಾಗಿ ಸುಳ್ಳು ಹೇಳುವ ಯಂತ್ರ ಬೇರೆ ಸಿಕ್ಕೀತೆ? ಪಾಪದ ಎಂಜಿನ್ನು ಆ ಭಾರ ತಿರುಗಿಸಲಾರದೆ ಕ್ಲಚ್ಚು ಸುಟ್ಟುಕೊಂಡಿತ್ತು.

ನೆತ್ತಿಯ ಮೇಲೆ ತಲಾ ನೂರು ವ್ಯಾಟಿನ ನಾಲ್ಕು ದೀಪ. 12 ವೋಲ್ಟಿನಲ್ಲಿ ಅಷ್ಟೂ ಉರಿದರೆ 33 ಆಂಪಿಯರ್ ಬೇಕು. ಅದನ್ನು ಫ್ಯೂಜೂ ಇಲ್ಲದೆ, ರಿಲೇಯೂ ಇಲ್ಲದೆ, ಮನೆಯ ಫ್ಯಾನಿಗೆ ಎಳೆಯುವ ವೈರಿನಲ್ಲಿ ಬ್ಯಾಟರಿಯಿಂದ ನೇರ ಎಳೆದು ಟೇಪು ಸುತ್ತಿದ್ದರು. ವೈರು ಕರಗಿ ಪಕ್ಕದ ವೈರಿಗೆ ಅಂಟಿತ್ತು, ಹಾರ್ನು ಒತ್ತಿದರೆ ವೈಪರು ಆಡುತ್ತಿತ್ತು. ಸ್ನಾರ್ಕೆಲ್ಲಿನ ಒಳಗೆ ಚಾಚಾ ಕೈ ಹಾಕಿದರೆ ಕೈ ತಗಡಿಗೆ ಬಡಿಯಿತು. ಏರ್‌ಕ್ಲೀನರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮಹಾರಾಷ್ಟ್ರದ ಧನೇಗಾಂವ ಆಣೆಕಟ್ಟಿನಿಂದ ನೀರು ಬಿಟ್ಟಾಗ ಮಾಂಜ್ರಾ ಉಕ್ಕಿ ಭಾಲ್ಕಿ, ಔರಾದ ಕಡೆಯ ಹೊಲಗಳನ್ನು ನುಂಗುತ್ತದೆ. ಆಗ ಇಂಥ ಕೊಳವೆಯ ಜೀಪುಗಳೆಲ್ಲ ಎತ್ತರದ ಜಾಗದಲ್ಲಿ ನಿಂತು ನೀರಿನ ರೀಲ್ಸು ತೆಗೆಯುತ್ತವೆ. ಕಡೆಯದಾಗಿ ಫೋರ್ ಬೈ ಫೋರ್. ಲಿವರು ಇತ್ತು, ಟಕ್ ಎಂದು ಬೀಳುತ್ತಲೂ ಇತ್ತು. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟನ್ನು ಯಾವ ಕಾಲದಲ್ಲೋ ಬಿಚ್ಚಿ ಗುಜರಿಗೆ ಹಾಕಿದ್ದರು. ಇಷ್ಟೂ ವರ್ಷದಲ್ಲಿ ಅದರಿಂದ ಬಿಚ್ಚಿದ ಸಾಮಾನು ಅದೊಂದೇ. ಬೇಕಾಗಿದ್ದದ್ದೂ ಅದೊಂದೇ.

"ಹಚ್ಚಿದ್ದೆಲ್ಲಾ ಬಿಚ್ಚಬೇಕ್" ಎಂದ ಚಾಚಾ. ಕೂಲಿ ಹೇಳಿದ.

"ತಗದ್ ಹಾಕ್ಲಿಕ್ಕೂ ರೊಕ್ಕಾನಾ ಚಾಚಾ?"

"ಹಚ್ಚಿದಾಂವ ಒಂದ್ ತಾಸಿನ್ಯಾಗ ಹಚ್ಯಾನ ಬೇಟಾ. ಅಂವಾ ಯಾನ್ ಮಾಡ್ಯಾನಂತ ತಿಳಕೊಳ್ಳಾಕೇ ನನಗ ಎರಡ್ ದಿನ ಬೇಕು. ಬಿಚ್ಚೋ ಕೂಲಿ ಬ್ಯಾರೆ."

ಕಾನೂನಿನ ಅಭಿಪ್ರಾಯವೂ ಚಾಚಾನದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಕಂಪನಿ ಮಾಡಿ ಕೊಟ್ಟ ಮೂಲ ರೂಪವನ್ನು ಮೀರಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ 182ಎ ಎಂಬ ಕಲಮು ತಂದಿತು: ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಒಂದೊಂದಕ್ಕೆ ಎಂಬ ಮಾತನ್ನು ಗಮನಿಸಿ. ಕಾನೂನು ಬರೆದವರು ನಮ್ಮನ್ನು ಬಲ್ಲವರು. ಚಾಚಾನ ಹುಡುಗ ನೆಲದ ಮೇಲೆ ಬಿದ್ದ ಸಾಮಾನು ಎಣಿಸಿ, ಹದಿನಾಲ್ಕು ಐದ್ಲಿ ಎಪ್ಪತ್ತು, ಎಪ್ಪತ್ತು ಸಾವಿರ ಎಂದು ಲೆಕ್ಕ ಹೇಳಿದ. ಸಣ್ಣ ಸಾವ್ಕಾರ ಹೆದರಬೇಕಿತ್ತು. ಅವನು ಔರಾದಿನ ಗೆಳೆಯನಿಗೆ ಫೋನು ಹಚ್ಚಿ, "ನಂದು ಎಪ್ಪತ್ತ್ ಸಾವಿರದ್ ಅದ ಲೇ, ನಿಂದೆಷ್ಟ್ ಆಗ್ತದ ನೋಡು" ಎಂದ.

ದಂಡ ಬಿದ್ದ ದಾಖಲೆ ಮಾತ್ರ ಆ ಜೀಪಿನ ಕಾಗದಗಳಲ್ಲಿ ಒಂದೂ ಇರಲಿಲ್ಲ. ಹೇಗೆ ಇದ್ದೀತು? ಅದು ರಸ್ತೆಗೆ ಇಳಿಯುತ್ತಿದ್ದದ್ದೇ ಮೆರವಣಿಗೆಯ ದಿನ, ಬಂದೋಬಸ್ತಿನ ನಡುವೆ.

ಬಿಚ್ಚುವ ಕೆಲಸ ಮುಗಿಯಿತು. ಪಾಟಾ ಮೊದಲಿನ ಜಾಗಕ್ಕೆ ಬಂತು, ಕ್ರಾಸು ಹೊಸದಾಯಿತು, ಮುಂದಿನ ಶಾಫ್ಟು ಗುಜರಿಯಲ್ಲೇ ಹುಡುಕಿದಾಗ ಸಿಕ್ಕಿತು. ವೈರಿಂಗು ಪೂರ್ತಿ ಕಿತ್ತು ಹಾಕಿದರು. ಆರ್‌ಸಿಯಲ್ಲಿರುವ ಬಣ್ಣವೇ ಇರಲೆಂದು ಬಿಳಿ ಬಳಿದರು. ಜೀಪು ಎರೆಹೊಲದ ಬದು ಹತ್ತಿ ಇಳಿದು ಬಂತು, ಎಳೆಯಲು ಯಾರೂ ಬೇಕಾಗಲಿಲ್ಲ. ಆದರೆ ಸಣ್ಣ ಸಾವ್ಕಾರನ ಮುಖ ಬಾಡಿತ್ತು. ಊರಲ್ಲಿ ಒಬ್ಬನೂ ತಿರುಗಿ ನೋಡುವುದಿಲ್ಲ ಎಂಬುದು ಅವನ ಸಂಕಟ.

ಮನ್ನಳ್ಳಿಯ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿದ್ದೇ ಒಬ್ಬ ಮುದುಕಿ ಓಡಿ ಬಂದಳು. ಸಾದಾ ಬಿಳಿ ಜೀಪು, ನಂಬರು ಕಾಣುತ್ತದೆ, ಒಳಗೆ ಇಸ್ತ್ರಿ ಅಂಗಿಯ ಹುಡುಗ. ಕೈ ಮುಗಿದು, "ಸಾಹೇಬ್ರ, ನಂದು ಸಂಧ್ಯಾ ಸುರಕ್ಷಾ ಪಗಾರ ಬಂದಿಲ್ರೀ, ಆಧಾರ್ ಕಾರ್ಡ್ ತಂದೀನಿ" ಎಂದಳು. ಹಿಂದೆ ಇನ್ನಿಬ್ಬರು ನಿಂತರು. ಚಹಾದ ಅಂಗಡಿಯವನು ಬೆಂಚು ಒರೆಸಿದ. ಎರಡೂವರೆ ಲಕ್ಷದ ಸಾಮಾನು ಹೊತ್ತು ತಿರುಗಿದಾಗ ಒಬ್ಬರೂ ಅವನಿಗೆ ಕೈ ಮುಗಿದಿರಲಿಲ್ಲ.

ಅರ್ಜಿ ತೆಗೆದುಕೊಂಡನಂತೆ. ಮರುದಿನವೇ ಬೀದರಿನ ಪೇಂಟರನಿಗೆ ಮುಂಗಡ ಕೊಟ್ಟು ಬಂದಿದ್ದಾನೆ: ಬಂಪರಿನ ಮೇಲೆ ಕೂರುವ ಹಾಗೆ ಒಂದು ಕೆಂಪು ಬೋರ್ಡು, ಹಳದಿ ಅಕ್ಷರದಲ್ಲಿ 'ಅಧ್ಯಕ್ಷರು'. ಯಾವುದರ ಅಧ್ಯಕ್ಷರು ಎಂಬುದಕ್ಕೆ ಸದ್ಯಕ್ಕೆ ಜಾಗ ಖಾಲಿ ಬಿಡಲು ಹೇಳಿದ್ದಾನೆ.