ಮೂರೂರ ಕೂಸು

ಕೂಸು ಹುಟ್ಟಿದ್ದು ರಾಯಚೂರಿನ ದವಾಖಾನೆಯಲ್ಲಿ. ಮುತ್ಯಾ ದೇವದುರ್ಗದವರು, ತಾಯಿಯ ತವರು ಮಾನ್ವಿ. ಜಗಳಕ್ಕೆ ಇಷ್ಟು ಭೂಗೋಳ ಸಾಕು.

“ಹನುಮಂತಪ್ಪ ಅಂತ ಇಡೂಣು. ನಮ್ಮಪ್ಪನ ಹೆಸರು,” ಎಂದರು ಮುತ್ಯಾ.

“ಮಾವಾರ, ಸಾಲ್ಯಾಗ ಹಾಜರಿ ಕರದ್ರ ನಾಕು ಮಂದಿ ಎದ್ದು ನಿಲ್ತಾರ. ವಿಹಾನ್ ಅಂತ ಇಡೂಣ್ರಿ.”

“ಈಗ ವಿಹಾನ್ ಅಂದ್ರ ಎಂಟು ಮಂದಿ ನಿಲ್ತಾರವ್ವ!”

ಮಾನ್ವಿ ಬೀಗರು ಗಂಟಲು ಸರಿಮಾಡಿಕೊಂಡರು. “ದಾಸರ ಸೀಮಿ ನಮ್ದು. ಚೀಕಲಪರ್ವಿ ವಿಜಯದಾಸರ ಹೆಸರಿಡ್ರಿ.”

“ಅವರಿಗೆ ಹೆತ್ತವರು ಇಟ್ಟಿದ್ದು ದಾಸಪ್ಪ ಅಂತ, ಬೀಗರ. ಬ್ಯಾಗವಾಟದ ಜಗನ್ನಾಥದಾಸರೂ ಮೊದಲ ಶ್ರೀನಿವಾಸಾಚಾರ್ಯರು. ಅವರಿಗೇನು, ಅಫಿಡವಿಟ್ ಕೇಳೋರು ಇರಲಿಲ್ಲ!”

ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. 1969ರ ಕಾಯ್ದೆಯಡಿ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದ ತನಕ ತಡಶುಲ್ಕ. ಬೀಗರ ಗುಣ ಬಲ್ಲವರೇ ಈ ನಿಯಮ ಬರೆದಿರಬೇಕು. ಆದರೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಹಠಕ್ಕೆ ಈಗ ಗಡುವಿದೆ.

ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಗೆ ಬಾಗಿದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು, ಕೆಲವರು ಹಳೆಯ ಬಾಕಿಯನ್ನೂ ಸೇರಿಸಿ. ಆ ಗದ್ದಲದಲ್ಲಿ ಹೆಸರು ಯಾರಿಗೂ ಕೇಳಲಿಲ್ಲ.

“ಏನಂದಿಯವ್ವಾ?” ಮುತ್ಯಾ ಕೇಳಿದರು.

“ಮೂರೂ ಅಂದೀನಪ್ಪ. ಫಾರಂನ್ಯಾಗ ಜಾಗ ಸಾಲ್ತದೇನು ನೋಡ್ರಿ.”